ಒಂದು ಜಿಲ್ಲೆ, ಇಬ್ಬರು ಕಿಂಗ್‌ಗಳು: ಮರ್ಸರ್ ಐಲ್ಯಾಂಡ್ ಸುತ್ತಮುತ್ತಲ ಹೆಸರಿಗರು

ಸಿಯಾಟಲ್ ನಗರದಿಂದ ಐ-90 ಹೆದ್ದಾರಿಯಲ್ಲಿ ಪೂರ್ವಕ್ಕೆ ಹೊರಟು, ಲೇಕ್ ವಾಷಿಂಗ್ಟನ್ ಸರೋವರದ ತೇಲುಸೇತುವೆಯನ್ನು ದಾಟಿದರೆ ಸಿಗುವುದೇ ಮರ್ಸರ್ ಐಲ್ಯಾಂಡ್. ಉದ್ದ ಸುಮಾರು ಎಂಟು ಕಿಲೋಮೀಟರ್; 2020ರ ಜನಗಣತಿಯ ಪ್ರಕಾರ ಜನಸಂಖ್ಯೆ ಇಪ್ಪತ್ತೈದು ಸಾವಿರಕ್ಕೆ ತುಸು ಹೆಚ್ಚು. ದ್ವೀಪದ ಆಚೆ ದಡದಲ್ಲಿ ಬೆಲ್‌ವ್ಯೂ, ಅದಕ್ಕೆ ಹೊಂದಿಕೊಂಡಂತೆ ರೆಡ್ಮಂಡ್. ಸಾಫ್ಟ್‌ವೇರ್ ಕೆಲಸಕ್ಕೆಂದು ಬಂದ ಕನ್ನಡದ ಕುಟುಂಬಗಳು ಈ ಸರೋವರದ ಸುತ್ತ ಮನೆ ಮಾಡಿಕೊಂಡು ಒಂದು ತಲೆಮಾರೇ ಕಳೆದಿದೆ. ಅವರ ಮನೆಗೆ ಬರುವ ಆಸ್ತಿ ತೆರಿಗೆಯ ಕಾಗದ, ಮತಪತ್ರದ ಲಕೋಟೆ, ಬೀದಿಯಲ್ಲಿ ಓಡುವ ಮೆಟ್ರೋ ಬಸ್ಸು ಎಲ್ಲದರ ಮೇಲೂ ಕಾಣುವ ಹೆಸರು ಕಿಂಗ್ ಕೌಂಟಿ.

ಈ ದ್ವೀಪದ ವಿಳಾಸ ಬರೆಯಹೊರಟರೆ ಮೂರು ವ್ಯಕ್ತಿನಾಮಗಳು ಎದುರಾಗುತ್ತವೆ. ಊರು ಮರ್ಸರ್, ಜಿಲ್ಲೆ ಕಿಂಗ್, ರಾಜ್ಯ ವಾಷಿಂಗ್ಟನ್. ಮೂರು ಹೆಸರಿನ ಹಿಂದೆಯೂ ಒಬ್ಬರಿಗಿಂತ ಹೆಚ್ಚು ಜನ ನಿಂತಿದ್ದಾರೆ. ಅವುಗಳಲ್ಲಿ ಕಿಂಗ್ ಎಂಬ ಹೆಸರಿನ ಚರಿತ್ರೆ ಅಸಾಧಾರಣವಾದದ್ದು. ಒಂದಕ್ಷರವೂ ಆಚೀಚೆ ಆಗದೆ ಆ ಹೆಸರು ಒಬ್ಬ ಮನುಷ್ಯನಿಂದ ಇನ್ನೊಬ್ಬ ಮನುಷ್ಯನಿಗೆ ಕಾನೂನಿನ ಮೂಲಕ ವರ್ಗಾವಣೆಯಾಯಿತು. ಬಿಟ್ಟುಕೊಟ್ಟವನು ಗುಲಾಮರನ್ನು ಇಟ್ಟುಕೊಂಡಿದ್ದ ರಾಜಕಾರಣಿ. ಪಡೆದವರು ಗುಲಾಮರ ವಂಶದಲ್ಲಿ ಹುಟ್ಟಿದ ಪಾದ್ರಿ. ವರ್ಗಾವಣೆ ಪೂರ್ತಿಯಾಗಲು ಹತ್ತೊಂಬತ್ತು ವರ್ಷ ಹಿಡಿಯಿತು.

## ಮೊದಲ ಕಿಂಗ್

ವಿಲಿಯಂ ರೂಫಸ್ ಡಿವೇನ್ ಕಿಂಗ್ ಹುಟ್ಟಿದ್ದು 1786ರ ಏಪ್ರಿಲ್ 7ರಂದು, ನಾರ್ತ್ ಕ್ಯಾರೊಲಿನಾದಲ್ಲಿ. ವಕೀಲಿ ಓದಿ, ಚಿಕ್ಕ ವಯಸ್ಸಿನಲ್ಲೇ ರಾಜಕೀಯಕ್ಕಿಳಿದು, ಮುಂದೆ ಅಲಬಾಮಾಕ್ಕೆ ವಲಸೆ ಹೋದ. ಅಲಬಾಮಾ ನದಿಯ ದಂಡೆಯಲ್ಲಿ ದೊಡ್ಡ ಹತ್ತಿ ತೋಟ ಮಾಡಿದ. ತೋಟದ ದುಡಿಮೆಯೆಲ್ಲ ಗುಲಾಮರದು. ಕಿಂಗ್ ಮತ್ತು ಆತನ ಬಂಧುಗಳದು ಆ ರಾಜ್ಯದಲ್ಲಿ ಅತಿ ಹೆಚ್ಚು ಗುಲಾಮರನ್ನು ಹೊಂದಿದ್ದ ಮನೆತನಗಳಲ್ಲಿ ಒಂದು. 1819ರಲ್ಲಿ ಅಲಬಾಮಾ ರಾಜ್ಯವಾದಾಗ ಅಲ್ಲಿಂದ ಆಯ್ಕೆಯಾದ ಮೊದಲ ಇಬ್ಬರು ಸೆನೆಟರ್‌ಗಳಲ್ಲಿ ಈತನೂ ಒಬ್ಬ. 1844ರಿಂದ 1846ರವರೆಗೆ ಫ್ರಾನ್ಸ್‌ನಲ್ಲಿ ಅಮೆರಿಕದ ರಾಜತಾಂತ್ರಿಕ ಪ್ರತಿನಿಧಿಯಾಗಿದ್ದ. ಮುಂದೆ ಅಧ್ಯಕ್ಷನಾದ ಜೇಮ್ಸ್ ಬುಕಾನನ್ ಜೊತೆ ರಾಜಧಾನಿಯಲ್ಲಿ ಹಲವು ವರ್ಷ ಒಂದೇ ವಸತಿಯಲ್ಲಿದ್ದ. ಜೀವನಪರ್ಯಂತ ಅವಿವಾಹಿತ.

1852ರ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ಫ್ರಾಂಕ್ಲಿನ್ ಪಿಯರ್ಸ್ ಅಧ್ಯಕ್ಷ ಸ್ಥಾನಕ್ಕೂ ಕಿಂಗ್ ಉಪಾಧ್ಯಕ್ಷ ಸ್ಥಾನಕ್ಕೂ ನಿಂತು ಗೆದ್ದರು. ಅಷ್ಟು ಹೊತ್ತಿಗೆ ಕಿಂಗ್‌ಗೆ ಕ್ಷಯ ಮೈಯೆಲ್ಲ ವ್ಯಾಪಿಸಿತ್ತು. ಬೆಚ್ಚಗಿನ ಹವೆಯಲ್ಲಿ ಗುಣವಾದೀತೆಂದು ಕ್ಯೂಬಾಕ್ಕೆ ಹೋದವನಿಗೆ ಅಧಿಕಾರ ಸ್ವೀಕಾರದ ದಿನಕ್ಕೆ ಹಿಂದಿರುಗಲು ಆಗಲಿಲ್ಲ. ಕಾಂಗ್ರೆಸ್ ವಿಶೇಷ ಕಾನೂನು ಮಾಡಿಕೊಟ್ಟ ಮೇಲೆ 1853ರ ಮಾರ್ಚ್ 24ರಂದು ಕ್ಯೂಬಾದ ಮಟಾಂಜಾಸ್ ಬಳಿ ಪ್ರಮಾಣವಚನ ಸ್ವೀಕರಿಸಿದ. ಪರದೇಶದ ನೆಲದಲ್ಲಿ ಪ್ರಮಾಣ ಮಾಡಿದ ಅಮೆರಿಕದ ಉಪಾಧ್ಯಕ್ಷ ಆತನೊಬ್ಬನೇ. ಏಪ್ರಿಲ್ 17ರಂದು ಅಲಬಾಮಾದ ತೋಟಕ್ಕೆ ಮರಳಿದ. ಮರುದಿನವೇ ತೀರಿಕೊಂಡ. ಉಪಾಧ್ಯಕ್ಷನಾಗಿ ರಾಜಧಾನಿಯಲ್ಲಿ ಒಂದು ದಿನವೂ ಕೆಲಸ ಮಾಡಲಿಲ್ಲ.

ಈತನ ಇನ್ನೊಂದು ಕೆಲಸವನ್ನು ಇಲ್ಲಿ ಹೇಳಲೇಬೇಕು. ಅಲಬಾಮಾ ನದಿಯ ಮೇಲಿನ ಸೆಲ್ಮಾ ಪಟ್ಟಣವನ್ನು ಕಟ್ಟಿದವರಲ್ಲಿ ಕಿಂಗ್ ಪ್ರಮುಖ. ಆ ಕಾಲದಲ್ಲಿ ಬಹಳ ಓದುಗರಿದ್ದ ಓಸಿಯನ್ ಕಾವ್ಯದಿಂದ ಊರಿನ ಹೆಸರನ್ನು ಆರಿಸಿದವನೂ ಆತನೇ. ಆತನ ಸಮಾಧಿಯೂ ಈಗ ಅಲ್ಲಿನ ಲೈವ್ ಓಕ್ ಸ್ಮಶಾನದಲ್ಲಿದೆ.

## ಅಲಬಾಮಾದ ಹೆಸರು ಪೆಸಿಫಿಕ್ ತೀರಕ್ಕೆ ಬಂದದ್ದು

ಸಿಯಾಟಲ್ ನಗರಕ್ಕೆ ಬುನಾದಿ ಹಾಕಿದ ಡೆನ್ನಿ ತಂಡ ಆಲ್ಕೈ ತೀರದಲ್ಲಿ ಇಳಿದದ್ದು 1851ರ ನವೆಂಬರ್ 13ರಂದು. ಆಗ ಈ ಪ್ರದೇಶವೆಲ್ಲ ಇನ್ನೂ ರಾಜ್ಯವಾಗದ ಆರೆಗನ್ ಟೆರಿಟರಿಯ ಭಾಗ. ವರ್ಷ ಕಳೆದು ತಿಂಗಳೊಂದು ಆದ ಮೇಲೆ, 1852ರ ಡಿಸೆಂಬರ್ 22ರಂದು, ಆರೆಗನ್ ಶಾಸನಸಭೆ ಇಲ್ಲಿ ಹೊಸ ಕೌಂಟಿಗಳನ್ನು ರಚಿಸಿತು. ಒಂದಕ್ಕೆ ಪಿಯರ್ಸ್ ಎಂದು, ಪಕ್ಕದ್ದಕ್ಕೆ ಕಿಂಗ್ ಎಂದು ಹೆಸರಿಟ್ಟಿತು. ಇಬ್ಬರೂ ಚುನಾವಣೆ ಗೆದ್ದು ಆಗ ಏಳು ವಾರವಷ್ಟೇ ಆಗಿತ್ತು. ರಾಜಧಾನಿಯಿಂದ ಸಾವಿರಾರು ಮೈಲಿ ದೂರದ ಕಾಡಿನಲ್ಲಿ ಬೀಡುಬಿಟ್ಟಿದ್ದ ಬೆರಳೆಣಿಕೆಯ ಸಂಸಾರಗಳಿಗೆ ಕೇಂದ್ರದ ದೊಡ್ಡವರ ಕೃಪೆ ಬೇಕಾಗಿತ್ತು; ಹೆಸರಿಡುವುದು ಅದಕ್ಕೆ ಖರ್ಚಿಲ್ಲದ ದಾರಿ. ಇಂದಿಗೂ ಕಿಂಗ್ ಕೌಂಟಿಯ ದಕ್ಷಿಣದ ಗಡಿ ದಾಟಿದರೆ ಸಿಗುವುದು ಪಿಯರ್ಸ್ ಕೌಂಟಿಯೇ. ವಿಲಿಯಂ ಕಿಂಗ್ ಈ ನೆಲವನ್ನು ಕಣ್ಣಿಂದ ನೋಡಲೇ ಇಲ್ಲ.

ಇಲ್ಲಿ ತಲೆತಲಾಂತರದಿಂದ ಬಾಳುತ್ತಿದ್ದ ಡುವಾಮಿಶ್ ಜನರನ್ನು ಆಗ ಯಾರೂ ಹೆಸರು ಕೇಳಲಿಲ್ಲ. ಅವರ ಮುಖಂಡನ ಹೆಸರು ನಗರಕ್ಕೆ ಸಿಕ್ಕಿತು. ಆದರೆ ಆ ಜನಾಂಗಕ್ಕೆ ಕೇಂದ್ರ ಸರ್ಕಾರದ ಮಾನ್ಯತೆ ಇವತ್ತಿಗೂ ಸಿಕ್ಕಿಲ್ಲ. ಕಿಂಗ್‌ಗಳ ಕಥೆ ಹೇಳುವಾಗ ಈ ಲೆಕ್ಕ ಇನ್ನೂ ಬಾಕಿ ಇದೆ ಎಂಬುದನ್ನು ಮರೆಯಬಾರದು.

## ಎರಡನೆಯ ಕಿಂಗ್, ಮತ್ತು ಆತನೊಳಗಿನ ಲೂಥರ್

ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ ಅವರ ಹೆಸರೇ ಒಂದು ಎರವಲು ಹೆಸರು. 1929ರ ಜನವರಿ 15ರಂದು ಅಟ್ಲಾಂಟಾದಲ್ಲಿ ಹುಟ್ಟಿದ ಮಗುವಿಗೆ ಇಟ್ಟದ್ದು ಮೈಕಲ್ ಎಂದು. ತಂದೆಯೂ ಮೈಕಲ್ ಕಿಂಗ್. ಪಾದ್ರಿಯಾಗಿದ್ದ ತಂದೆ 1934ರಲ್ಲಿ ಬ್ಯಾಪ್ಟಿಸ್ಟರ ಜಾಗತಿಕ ಸಮ್ಮೇಳನಕ್ಕೆಂದು ಬರ್ಲಿನ್‌ಗೆ ಹೋದರು. ಹದಿನಾರನೆಯ ಶತಮಾನದಲ್ಲಿ ರೋಮ್‌ನ ಚರ್ಚಿಗೆ ಎದುರು ನಿಂತ ಮಾರ್ಟಿನ್ ಲೂಥರ್‌ನ ನಾಡದು. ಅಲ್ಲಿಂದ ಬಂದವರು ತಮ್ಮ ಹೆಸರನ್ನೂ ಮಗನ ಹೆಸರನ್ನೂ ಮಾರ್ಟಿನ್ ಲೂಥರ್ ಎಂದು ಬದಲಾಯಿಸಿಕೊಂಡರು. ಮಗನ ಜನನಪತ್ರದಲ್ಲಿ ತಿದ್ದುಪಡಿಯಾದದ್ದು 1957ರಲ್ಲಿ. ಆ ಹೊತ್ತಿಗೆ ಮಾಂಟ್ಗಾಮರಿಯ ಬಸ್ ಬಹಿಷ್ಕಾರ ಗೆದ್ದು ಜಗತ್ತೇ ಆ ಹೆಸರನ್ನು ಬಲ್ಲದಾಗಿತ್ತು.

ಮರ್ಸರ್ ಐಲ್ಯಾಂಡಿನಲ್ಲೇ ಇನ್ನೊಬ್ಬ ಲೂಥರ್ ಇದ್ದಾರೆ. ದ್ವೀಪದ ಈಶಾನ್ಯ ಅಂಚಿನಲ್ಲಿ, ಮಕ್ಕಳು ನೀರಿಗಿಳಿಯುವ, ಬೇಸಿಗೆಯ ಸಂಜೆ ಜನ ಸೇರುವ ಸುಂದರ ಉದ್ಯಾನದ ಹೆಸರು ಲೂಥರ್ ಬರ್ಬ್ಯಾಂಕ್ ಪಾರ್ಕ್. ಬರ್ಬ್ಯಾಂಕ್ (1849–1926) ಕ್ಯಾಲಿಫೋರ್ನಿಯಾದ ಸಾಂಟಾ ರೋಸಾದಲ್ಲಿ ಬಾಳಿದ ಸಸ್ಯತಳಿ ತಜ್ಞ. ಈಗ ಫ್ರೆಂಚ್ ಫ್ರೈಸ್‌ಗೆ ಹೆಚ್ಚಾಗಿ ಬಳಸುವ ರಸೆಟ್ ಬರ್ಬ್ಯಾಂಕ್ ಆಲೂಗಡ್ಡೆಯ ಮೂಲತಳಿ ಅವನದು. ಪರಮಹಂಸ ಯೋಗಾನಂದರು ತಮ್ಮ ಆತ್ಮಕಥೆಯನ್ನು ಅರ್ಪಿಸಿದ್ದು ಇದೇ ಬರ್ಬ್ಯಾಂಕ್‌ಗೆ. ಕರ್ನಾಟಕದಲ್ಲಿ ಆ ಪುಸ್ತಕ ಓದಿದ ಎಷ್ಟೋ ಮನೆಗಳಿಗೆ ಹೆಸರು ಪರಿಚಿತ. ದ್ವೀಪದ ಉದ್ಯಾನ ಆತನದೇ ಎಂದು ತಿಳಿದಾಗ ಸಂತೋಷವಾಗುವುದು ಸಹಜ.

ಕಿಂಗ್ ಅವರಿಗೂ ಭಾರತಕ್ಕೂ ಇದ್ದ ನಂಟು ನಮಗೆ ಗೊತ್ತಿರುವಂಥದ್ದೇ. 1959ರ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಪತ್ನಿ ಕೊರೆಟ್ಟಾ ಜೊತೆ ಅವರು ಗಾಂಧೀಜಿಯ ನಾಡನ್ನು ಸುತ್ತಿದರು. ತಿರುವನಂತಪುರದ ಒಂದು ಶಾಲೆಯಲ್ಲಿ ದಲಿತ ಮಕ್ಕಳೆದುರು ಮುಖ್ಯೋಪಾಧ್ಯಾಯರು ಅವರನ್ನು 'ಅಮೆರಿಕದಿಂದ ಬಂದ ನಮ್ಮಂಥ ಅಸ್ಪೃಶ್ಯರು' ಎಂಬ ಅರ್ಥದಲ್ಲಿ ಪರಿಚಯಿಸಿದರು. ಮೊದಲು ಮನಸ್ಸಿಗೆ ಚುಚ್ಚಿದರೂ ಆ ಮಾತು ನಿಜವೆಂದು ತಮಗೆ ಹೊಳೆದದ್ದನ್ನು ಅವರು 1965ರ ಒಂದು ಪ್ರವಚನದಲ್ಲಿ ನೆನಪಿಸಿಕೊಂಡಿದ್ದಾರೆ.

ಸಿಯಾಟಲ್‌ಗೆ ಅವರು ಬಂದದ್ದು ಒಂದೇ ಬಾರಿ, 1961ರ ನವೆಂಬರ್‌ನಲ್ಲಿ. ಮೌಂಟ್ ಜಯನ್ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ ಸ್ಯಾಮ್ಯುಯೆಲ್ ಮೆಕಿನ್ನಿ ಅವರ ಕಾಲೇಜು ದಿನಗಳ ಗೆಳೆಯ, ಕರೆದವರೂ ಅವರೇ. ಭಾಷಣಕ್ಕೆಂದು ಗೊತ್ತುಮಾಡಿದ್ದ ದೊಡ್ಡ ಚರ್ಚು ಕೊನೆಯ ಹೊತ್ತಿನಲ್ಲಿ ಜಾಗ ಕೊಡಲು ನಿರಾಕರಿಸಿತು. ಕಾರ್ಯಕ್ರಮ ಈಗಲ್ಸ್ ಸಭಾಂಗಣಕ್ಕೆ ಹೋಯಿತು. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ, ಗಾರ್‌ಫೀಲ್ಡ್ ಹೈಸ್ಕೂಲಿನಲ್ಲಿ, ಟೆಂಪಲ್ ಡಿ ಹರ್ಷ್ ಎಂಬ ಯಹೂದಿ ದೇವಾಲಯದಲ್ಲಿ ಅವರು ಮಾತಾಡಿದರು.

ಅವತ್ತಿನ ಸಿಯಾಟಲ್‌ನಲ್ಲಿ ಕಪ್ಪು ಜನರು, ಏಷ್ಯಾದವರು ಇಂಥ ಬಡಾವಣೆಯಲ್ಲಿ ಮನೆ ಕೊಳ್ಳಕೂಡದೆಂಬ ಷರತ್ತುಗಳು ಎಷ್ಟೋ ಕ್ರಯಪತ್ರಗಳಲ್ಲಿ ಬರೆದಿದ್ದವು. ಕೋರ್ಟು ಅವುಗಳಿಗೆ ಬೆಂಬಲ ಕೊಡುವುದನ್ನು ನಿಲ್ಲಿಸಿದ ಮೇಲೂ ರೂಢಿ ಬಿಡಲಿಲ್ಲ. ಮನೆ ಮಾರಾಟದಲ್ಲಿ ಭೇದ ಮಾಡಬಾರದೆಂಬ ಕಾನೂನನ್ನು 1964ರ ಮಾರ್ಚ್‌ನಲ್ಲಿ ನಗರದ ಮತದಾರರು ಎರಡಕ್ಕೆ ಒಂದಕ್ಕಿಂತ ಹೆಚ್ಚಿನ ಅಂತರದಲ್ಲಿ ತಳ್ಳಿಹಾಕಿದರು. 1968ರ ಏಪ್ರಿಲ್ 4ರಂದು ಮೆಂಫಿಸ್‌ನಲ್ಲಿ ಕಿಂಗ್ ಅವರ ಕೊಲೆಯಾಯಿತು. ಹದಿನೈದು ದಿನ ಕಳೆದು, ಏಪ್ರಿಲ್ 19ರಂದು, ಸಿಯಾಟಲ್ ನಗರಸಭೆ ಅಂಥದ್ದೇ ಕಾನೂನನ್ನು ಸರ್ವಾನುಮತದಿಂದ ಒಪ್ಪಿತು. ದೇಶಮೂಲ ನೋಡಿ ವಲಸಿಗರನ್ನು ಜರಡಿ ಹಿಡಿಯುತ್ತಿದ್ದ ಹಳೆಯ ಪದ್ಧತಿ 1965ರ ವಲಸೆ ಕಾನೂನಿನಿಂದ ರದ್ದಾದದ್ದೂ ನಾಗರಿಕ ಹಕ್ಕುಗಳ ಹೋರಾಟದ ಕಾವಿನಲ್ಲೇ. ಅದಕ್ಕೆ ಮೊದಲು ಭಾರತದ ಪಾಲಿಗಿದ್ದದ್ದು ವರ್ಷಕ್ಕೆ ನೂರು ವೀಸಾ. ಲೇಕ್ ವಾಷಿಂಗ್ಟನ್ ದಡದಲ್ಲಿ ಇವತ್ತು ಮನೆ ಮಾಡಿಕೊಂಡಿರುವ ಪ್ರತಿ ಕನ್ನಡ ಸಂಸಾರವೂ ಇಂಥ ಕಾನೂನುಗಳ ಫಲಾನುಭವಿ. ಆದ್ದರಿಂದಲೇ ತೆರಿಗೆ ಕಾಗದದ ಮೇಲಿನ ಹೆಸರು ಯಾವ ಕಿಂಗ್‌ನದು ಎಂಬ ಪ್ರಶ್ನೆ ನಮ್ಮದೂ ಹೌದೆಂದು ನಾನು ತಿಳಿಯುತ್ತೇನೆ.

ಇನ್ನು ಸೆಲ್ಮಾ. 1965ರ ಮಾರ್ಚ್ 7ರಂದು ಮತದಾನದ ಹಕ್ಕಿಗಾಗಿ ಮೆರವಣಿಗೆ ಹೊರಟವರನ್ನು ಪೊಲೀಸರು ಎಡ್ಮಂಡ್ ಪೆಟ್ಟಸ್ ಸೇತುವೆಯ ಮೇಲೆ ಬಡಿದು ಕೆಡವಿದ್ದು ಅದೇ ಊರಿನಲ್ಲಿ. ಮಾರ್ಚ್ 21ರಂದು ಮಾರ್ಟಿನ್ ಲೂಥರ್ ಕಿಂಗ್ ಅಲ್ಲಿಂದಲೇ ಜನರನ್ನು ಕಟ್ಟಿಕೊಂಡು ಐದು ದಿನದ ನಡಿಗೆಯಲ್ಲಿ ಮಾಂಟ್ಗಾಮರಿ ತಲುಪಿದರು. ಆಗಸ್ಟ್ 6ರಂದು ಮತದಾನ ಹಕ್ಕುಗಳ ಕಾನೂನು ಬಂತು. ಒಬ್ಬ ಕಿಂಗ್ ಹೆಸರಿಟ್ಟ ಊರಿಗೆ ಇನ್ನೊಬ್ಬ ಕಿಂಗ್ ಜಗತ್ತಿನಲ್ಲಿ ಹೆಸರು ತಂದರು. ಕಾದಂಬರಿಯಲ್ಲಿ ಬರೆದಿದ್ದರೆ ಯಾರೂ ನಂಬುತ್ತಿರಲಿಲ್ಲ.

## ಅದೇ ಹೆಸರು, ಬೇರೆ ಮನುಷ್ಯ

ಕಿಂಗ್ ಜನ್ಮದಿನದ ರಾಷ್ಟ್ರೀಯ ರಜೆ ಮೊದಲ ಬಾರಿಗೆ ಆಚರಣೆಯಾದದ್ದು 1986ರ ಜನವರಿ 20ರಂದು. ತಿಂಗಳೊಂದು ಕಳೆದು ಫೆಬ್ರವರಿ 24ರಂದು ಕಿಂಗ್ ಕೌಂಟಿಯ ಪರಿಷತ್ತಿನ ಮುಂದೆ ಒಂದು ನಿರ್ಣಯ ಬಂತು. ತಂದವರು ಇಬ್ಬರು: ಡೆಮಾಕ್ರಟಿಕ್ ಪಕ್ಷದ ಹೊಸ ಸದಸ್ಯ, ಕಪ್ಪು ಸಮುದಾಯದ ರಾನ್ ಸಿಮ್ಸ್; ರಿಪಬ್ಲಿಕನ್ ಪಕ್ಷದ ಬ್ರೂಸ್ ಲೇಂಗ್. ವಿಲಿಯಂ ರೂಫಸ್ ಕಿಂಗ್ ಗುಲಾಮರ ಒಡೆಯನಾಗಿದ್ದ, ಗುಲಾಮಗಿರಿಯನ್ನು ಬೆಂಬಲಿಸಿದ. ಇನ್ನು ಮುಂದೆ ಕೌಂಟಿಯ ಹೆಸರು ಮಾರ್ಟಿನ್ ಲೂಥರ್ ಕಿಂಗ್ ಅವರ ಗೌರವಾರ್ಥವಾಗಿರಲಿ ಎಂಬುದು ನಿರ್ಣಯದ ತಿರುಳು. ಒಂಬತ್ತು ಸದಸ್ಯರ ಪರಿಷತ್ತಿನಲ್ಲಿ ಪರವಾಗಿ ಐದು, ವಿರುದ್ಧ ನಾಲ್ಕು ಮತ. ಒಂದೇ ಒಂದು ಮತ ಆಚೆ ಬಿದ್ದಿದ್ದರೆ ಈ ಲೇಖನಕ್ಕೆ ವಿಷಯವೇ ಇರುತ್ತಿರಲಿಲ್ಲ.

ಅಷ್ಟಕ್ಕೇ ಕೆಲಸ ಮುಗಿಯಲಿಲ್ಲ. ಅಮೆರಿಕದಲ್ಲಿ ಕೌಂಟಿ ಎಂಬುದು ರಾಜ್ಯ ಸರ್ಕಾರದ ಸೃಷ್ಟಿ. ನಮ್ಮ ಜಿಲ್ಲೆಯಂತೆಯೇ ಅದರ ಹೆಸರು, ಗಡಿ ಎಲ್ಲವೂ ರಾಜ್ಯದ ಕಾನೂನಿನಲ್ಲಿರುತ್ತದೆ. ಹೀಗಾಗಿ ಪರಿಷತ್ತಿನ ನಿರ್ಣಯಕ್ಕೆ ಗೌರವವಿತ್ತೇ ಹೊರತು ಕಾನೂನಿನ ಬಲವಿರಲಿಲ್ಲ. ರಾಜ್ಯದ ರಾಜಧಾನಿ ಒಲಿಂಪಿಯಾದ ಶಾಸನಸಭೆಯಿಂದ ಅದಕ್ಕೆ ಮುದ್ರೆ ಬೀಳುವಷ್ಟರಲ್ಲಿ 2005 ಬಂದಿತ್ತು. ಆ ವರ್ಷದ ಏಪ್ರಿಲ್ 19ರಂದು ಗವರ್ನರ್ ಕ್ರಿಸ್ಟೀನ್ ಗ್ರೆಗೊಯರ್ ಮಸೂದೆಗೆ ಅಂಕಿತ ಹಾಕಿದರು. ಜುಲೈ 24ರಿಂದ ಅದು ಜಾರಿಗೆ ಬಂತು. ಆ ಹೊತ್ತಿಗೆ ರಾನ್ ಸಿಮ್ಸ್ ಇಡೀ ಕೌಂಟಿಯ ಆಡಳಿತದ ಮುಖ್ಯಸ್ಥರಾಗಿದ್ದರು.

ಅದುವರೆಗೂ ಕೌಂಟಿಯ ಲಾಂಛನ ಒಂದು ಕಿರೀಟ. ಹೆಸರಿನ ಮೂಲ ತಿಳಿಯದವರಿಗೆ ಯಾವುದೋ ರಾಜನ ಜಿಲ್ಲೆ ಎಂದು ತೋರುವಂಥ ಚಿತ್ರ. ವಿಲಿಯಂ ಕಿಂಗ್‌ಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. 2006ರಲ್ಲಿ ಪರಿಷತ್ತು ಕಿರೀಟದ ಬದಲು ಮಾರ್ಟಿನ್ ಲೂಥರ್ ಕಿಂಗ್ ಅವರ ಮುಖಚಿತ್ರ ಇರಬೇಕೆಂದು ತೀರ್ಮಾನಿಸಿತು. ಹೊಸ ಲಾಂಛನ ಹೊರಬಂದದ್ದು 2007ರ ಮಾರ್ಚ್‌ನಲ್ಲಿ.

ಇದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ಲಾಂಛನವೇ. ಹೆಸರು ಹಾಗೆಯೇ ಉಳಿದರೆ ಫಲಕ ಬದಲಾಯಿಸುವ ಖರ್ಚಿಲ್ಲ, ಹಳೆಯ ದಾಖಲೆಗಳನ್ನು ತಿದ್ದುವ ತಾಪತ್ರಯವಿಲ್ಲ, ಜನರ ಬಾಯಿಗೆ ಹೊಸ ಮಾತು ಕಲಿಸಬೇಕಾಗಿಲ್ಲ. ಆದರೆ ಅಷ್ಟೇ ಸುಲಭವಾಗಿ ಬದಲಾವಣೆ ಯಾರ ಗಮನಕ್ಕೂ ಬಾರದೆ ಹೋಗುತ್ತದೆ. 1986ರಿಂದ 2007ರವರೆಗೆ ಲಾಂಛನದಲ್ಲಿ ಕಿರೀಟವೇ ಇದ್ದಾಗ, ಇದು ಯಾರ ಹೆಸರೆಂದು ಹೇಳುವ ಗುರುತು ಯಾವುದಿತ್ತು? ಇವತ್ತು ಇಪ್ಪತ್ತೆರಡೂವರೆ ಲಕ್ಷಕ್ಕೂ ಹೆಚ್ಚು ಜನರಿರುವ, ರಾಜ್ಯದ ಅತಿ ದೊಡ್ಡ ಕೌಂಟಿಯಲ್ಲಿ ಮತಪತ್ರ ಕೈಗೆ ಬಂದಾಗ ಲಕೋಟೆಯ ಮೇಲೆ ಆ ಮುಖ ಕಾಣುತ್ತದೆ. ಮತದಾನದ ಹಕ್ಕಿಗಾಗಿ ನಡೆದವರ ಮುಖ ಇರಬೇಕಾದ ಜಾಗ ಅದೇ.

## ಮರ್ಸರ್ ಎಂದರೆ ಯಾವ ಮರ್ಸರ್?

ದ್ವೀಪದ ಹೆಸರು ಬಂದದ್ದು ಮರ್ಸರ್ ಸಹೋದರರಿಂದ. ಹಿರಿಯ ಥಾಮಸ್ ಮರ್ಸರ್ (1813–1898) 1853ರಲ್ಲಿ ಎತ್ತರದ ಪರ್ವತಗಳನ್ನು ದಾಟಿ, ದಾರಿಯಲ್ಲೇ ಹೆಂಡತಿಯನ್ನು ಕಳೆದುಕೊಂಡು, ಹೆಣ್ಣುಮಕ್ಕಳೊಂದಿಗೆ ಸಿಯಾಟಲ್ ಸೇರಿದ. ಊರಿನ ಮೊದಲ ಕುದುರೆ ಬಂಡಿ ಆತನದು. ಮುಂದೆ ನ್ಯಾಯಾಧೀಶನೂ ಆದ. 1854ರ ಜುಲೈ 4ರಂದು ನಡೆದ ಊರ ಕೂಟದಲ್ಲಿ ದೊಡ್ಡ ಸರೋವರಕ್ಕೆ ವಾಷಿಂಗ್ಟನ್ ಎಂದೂ ಚಿಕ್ಕದಕ್ಕೆ ಯೂನಿಯನ್ ಎಂದೂ ಹೆಸರಿಡೋಣ ಎಂದು ಸೂಚಿಸಿದವನು ಈತನೇ. ದಿನವೂ ಕೆಲಸಕ್ಕೆ ಹೋಗುವವರು ವಾಹನದಟ್ಟಣೆಯಲ್ಲಿ ಸಿಕ್ಕಿಕೊಳ್ಳುವ ಸಿಯಾಟಲ್‌ನ ಮರ್ಸರ್ ಸ್ಟ್ರೀಟ್ ಕೂಡ ಇವನ ಹೆಸರಿನದೇ.

ತಮ್ಮ ಏಸಾ ಮರ್ಸರ್ (1839–1917) ಬೇರೆಯದೇ ಸ್ವಭಾವದವನು. 1861ರಲ್ಲಿ ಶುರುವಾದ ಟೆರಿಟರಿ ವಿಶ್ವವಿದ್ಯಾಲಯಕ್ಕೆ, ಅಂದರೆ ಇಂದಿನ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ, ಮೊದಲ ಮುಖ್ಯಸ್ಥನಾದಾಗ ಇಪ್ಪತ್ತರ ಹರೆಯ. ಗಂಡಸರೇ ತುಂಬಿದ್ದ ಊರಿಗೆ ಶಿಕ್ಷಕಿಯರನ್ನೂ ಮದುವೆಯಾಗಬಲ್ಲ ಹೆಣ್ಣುಗಳನ್ನೂ ಕರೆತರುವೆನೆಂದು ಪೂರ್ವತೀರಕ್ಕೆ ಹೋಗಿ, 1864ರಲ್ಲಿ ಹನ್ನೊಂದು ಮಂದಿಯನ್ನು ಕರೆತಂದ. 1866ರಲ್ಲಿ ಇನ್ನೂ ದೊಡ್ಡ ಗುಂಪು ಕಾಂಟಿನೆಂಟಲ್ ಎಂಬ ಹಡಗಿನಲ್ಲಿ ದಕ್ಷಿಣ ಅಮೆರಿಕವನ್ನು ಬಳಸಿ ಹೊರಟಿತು. 'ಮರ್ಸರ್ ಗರ್ಲ್ಸ್' ಎಂದು ಚರಿತ್ರೆ ಕರೆಯುವುದು ಇವರನ್ನೇ. ಊರಿನ ಶಾಲೆಗಳನ್ನು ಕಟ್ಟಿದ್ದರಲ್ಲಿ ಅವರ ಪಾಲು ದೊಡ್ಡದು. ಅವರನ್ನು ತಮ್ಮ ಹೆಸರಿನಿಂದ ಕರೆಯದೆ ಕರೆತಂದವನ ಹೆಸರಿನಿಂದ ಕರೆಯುವುದು ನ್ಯಾಯವೆನಿಸುವುದಿಲ್ಲ. ಮತ್ತೊಬ್ಬ ಸಹೋದರ ಏರನ್ ಆಚೆ ದಡದಲ್ಲಿ ಜಮೀನು ಮಾಡಿದ. ಬೆಲ್‌ವ್ಯೂ ನಗರದ ಮರ್ಸರ್ ಸ್ಲೂ ಎಂಬ ಜೌಗು ಪ್ರದೇಶ ಅವನ ನೆನಪು. ಸಹೋದರರಲ್ಲಿ ಯಾರೂ ದ್ವೀಪದಲ್ಲಿ ಮನೆ ಮಾಡಲಿಲ್ಲ.

ದೇಶದ ಪೂರ್ವ ಭಾಗಕ್ಕೆ ಹೋದರೆ ಮರ್ಸರ್ ಎಂದಾಗ ನೆನಪಾಗುವವನೇ ಬೇರೆ. ನ್ಯೂಜೆರ್ಸಿಯ ಮರ್ಸರ್ ಕೌಂಟಿ ಹ್ಯೂ ಮರ್ಸರ್‌ನ ಹೆಸರಿನದು: ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ವೈದ್ಯ, ಸೇನಾನಿಯಾಗಿ 1777ರ ಪ್ರಿನ್ಸ್‌ಟನ್ ಕಾಳಗದಲ್ಲಿ ಗಾಯಗೊಂಡು ಸತ್ತವನು. ಜಾರ್ಜಿಯಾದ ಮರ್ಸರ್ ವಿಶ್ವವಿದ್ಯಾಲಯ ಜೆಸ್ಸಿ ಮರ್ಸರ್ ಎಂಬ ಬ್ಯಾಪ್ಟಿಸ್ಟ್ ಪಾದ್ರಿಯದು.

## ಮೂವರು ಜಾರ್ಜ್ ವಾಷಿಂಗ್ಟನ್

ರಾಜ್ಯದ ಹೆಸರಿನಲ್ಲಿ ಗೊಂದಲ ಹುಟ್ಟಿನಿಂದಲೇ ಬಂದದ್ದು. ಇಲ್ಲಿನ ನೆಲಸಿಗರು ಬೇಡಿದ್ದು ಕೊಲಂಬಿಯಾ ಎಂಬ ಹೆಸರನ್ನು. ರಾಜಧಾನಿಯ 'ಡಿಸ್ಟ್ರಿಕ್ಟ್ ಆಫ್ ಕೊಲಂಬಿಯಾ' ಜೊತೆ ಕಲಸಿಹೋದೀತೆಂದು ಕೆಂಟಕಿಯ ಕಾಂಗ್ರೆಸ್ ಸದಸ್ಯ ರಿಚರ್ಡ್ ಸ್ಟ್ಯಾಂಟನ್ ವಾಷಿಂಗ್ಟನ್ ಎಂಬ ಹೆಸರು ಮುಂದಿಟ್ಟ. 1853ರ ಮಾರ್ಚ್ 2ರಂದು ಅದೇ ಖಾಯಂ ಆಯಿತು. ಅಂದಿನಿಂದ ಇಂದಿನವರೆಗೂ ಊರಿಂದ ಫೋನ್ ಮಾಡುವ ಅಜ್ಜಿ, ತಾತಂದಿರಿಗೆ 'ಇದು ರಾಜಧಾನಿಯ ವಾಷಿಂಗ್ಟನ್ ಅಲ್ಲ' ಎಂದು ಬಿಡಿಸಿ ಹೇಳುವ ಕೆಲಸ ಇಲ್ಲಿನವರಿಗೆ ತಪ್ಪಿಲ್ಲ.

ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಈ ತೀರಕ್ಕೆ ಬಂದವನಲ್ಲ. ಬಂದ ಜಾರ್ಜ್ ವಾಷಿಂಗ್ಟನ್‌ಗಳು ಇಬ್ಬರು. ಇಬ್ಬರೂ ಕಪ್ಪು ವರ್ಣದವರು. ಅವರನ್ನು ಈ ರಾಜ್ಯದ ಶಾಲಾ ಮಕ್ಕಳೆಲ್ಲ ಅರಿತಿರಬೇಕು.

ಒಬ್ಬ, ಜಾರ್ಜ್ ವಾಷಿಂಗ್ಟನ್ ಬುಷ್. ಆರೆಗನ್‌ನಲ್ಲಿ ಕಪ್ಪು ಜನ ನೆಲೆಸಕೂಡದೆಂಬ ಕಾನೂನು ಇದ್ದದ್ದರಿಂದ ಜೊತೆಯವರೊಂದಿಗೆ ಕೊಲಂಬಿಯಾ ನದಿಯ ಉತ್ತರಕ್ಕೆ ಬಂದು, 1845ರಲ್ಲಿ ಇಂದಿನ ಟಮ್‌ವಾಟರ್ ಬಳಿ ಬೇಸಾಯ ಹೂಡಿದ. ಬಂಡಿಯಲ್ಲಿ ಹೊಸದಾಗಿ ಬಂದ ಹಸಿದ ಸಂಸಾರಗಳಿಗೆ ತನ್ನ ಕಣಜದ ಕಾಳು ಕೊಟ್ಟವನೆಂದು ಹೆಸರುವಾಸಿ. ಕಾನೂನು ಅವನಿಗೆ ಜಮೀನಿನ ಹಕ್ಕು ಕೊಡಲು ಒಪ್ಪದಿದ್ದಾಗ ನೆರೆಯವರು ಶಾಸನಸಭೆಯ ಮೂಲಕ ಮನವಿ ಮಾಡಿಸಿದರು. 1855ರಲ್ಲಿ ಕಾಂಗ್ರೆಸ್ ಅವನೊಬ್ಬನಿಗಾಗಿಯೇ ವಿಶೇಷ ಕಾನೂನು ಮಾಡಿ 640 ಎಕರೆ ಖಚಿತಪಡಿಸಿತು. 1889ರಲ್ಲಿ ರಾಜ್ಯದ ಮೊದಲ ಶಾಸನಸಭೆ ಸೇರಿದಾಗ ಅದರಲ್ಲಿ ಅವನ ಮಗ ವಿಲಿಯಂ ಓವನ್ ಬುಷ್ ಸದಸ್ಯನಾಗಿದ್ದ.

ಇನ್ನೊಬ್ಬನ ಹೆಸರು ಬರೀ ಜಾರ್ಜ್ ವಾಷಿಂಗ್ಟನ್. 1817ರಲ್ಲಿ ವರ್ಜೀನಿಯಾದಲ್ಲಿ ಗುಲಾಮ ತಂದೆಗೂ ಬಿಳಿಯ ತಾಯಿಗೂ ಹುಟ್ಟಿದ ಕೂಸನ್ನು ಕಾಕ್ರನ್ ಎಂಬ ಬಿಳಿಯ ದಂಪತಿ ಸಾಕಿದರು. ಅವರ ಜೊತೆಗೇ 1850ರಲ್ಲಿ ಪಶ್ಚಿಮಕ್ಕೆ ಬಂದ. ಅವನ ಹೆಸರಿಗೆ ಜಮೀನು ಸಿಗದ ಕಾಲದಲ್ಲಿ ಸಾಕುತಂದೆಯೇ ತನ್ನ ಹೆಸರಿನಲ್ಲಿ ಹಿಡಿದು ಆಮೇಲೆ ಅವನಿಗೆ ಬಿಟ್ಟುಕೊಟ್ಟ. ರೈಲುದಾರಿ ಆ ಜಮೀನಿನ ಮೂಲಕ ಹಾದುಹೋದಾಗ, 1875ರಲ್ಲಿ, ಅವನೂ ಹೆಂಡತಿ ಮೇರಿ ಜೇನ್‌ಳೂ ನಿವೇಶನಗಳನ್ನು ಗುರುತು ಹಾಕಿ ಒಂದು ಪಟ್ಟಣಕ್ಕೆ ನಾಂದಿ ಹಾಡಿದರು. ಸಿಯಾಟಲ್‌ಗೂ ಪೋರ್ಟ್‌ಲ್ಯಾಂಡ್‌ಗೂ ನಡುವೆ ಹೆದ್ದಾರಿಯಲ್ಲಿ ಸಿಗುವ ಸೆಂಟ್ರೇಲಿಯಾ ನಗರ ಅದು. 1893ರ ಆರ್ಥಿಕ ಕುಸಿತದಲ್ಲಿ ಊರೇ ಕೆಲಸವಿಲ್ಲದೆ ಕೂತಾಗ ಅಕ್ಕಿ, ಹಿಟ್ಟು ತರಿಸಿ ಹಂಚಿದ. ಸಾಲ ಕಟ್ಟಲಾಗದವರ ಮನೆ ಕಿತ್ತುಕೊಳ್ಳಲಿಲ್ಲ. 1905ರಲ್ಲಿ ತೀರಿಕೊಂಡ. ಅಧ್ಯಕ್ಷನ ಹೆಸರು ಹೊತ್ತ ರಾಜ್ಯದಲ್ಲಿ ಊರು ಕಟ್ಟಿ ಅನ್ನ ಹಾಕಿದ ಜಾರ್ಜ್ ವಾಷಿಂಗ್ಟನ್ ಈತ.

ಇದೇ ರಾಜ್ಯದ ಸ್ಟೀವನ್ಸ್‌ಗಳ ವಿಷಯವನ್ನು ಎರಡು ಮಾತಿನಲ್ಲಿ ಹೇಳಬಹುದು. ಚಳಿಗಾಲದಲ್ಲಿ ಹಿಮದಾಟಕ್ಕೆ ಜನ ಹೋಗುವ ಸ್ಟೀವನ್ಸ್ ಪಾಸ್ ಎಂಬ ಕಣಿವೆ ರೈಲ್ವೆ ಎಂಜಿನಿಯರ್ ಜಾನ್ ಫ್ರಾಂಕ್ ಸ್ಟೀವನ್ಸ್‌ನದು. ಮುಂದೆ ಪನಾಮಾ ಕಾಲುವೆಯ ಮುಖ್ಯ ಎಂಜಿನಿಯರ್ ಆದವನು ಅವನು. ಸ್ಟೀವನ್ಸ್ ಕೌಂಟಿ ಮತ್ತು ಲೇಕ್ ಸ್ಟೀವನ್ಸ್ ಊರು ಟೆರಿಟರಿಯ ಮೊದಲ ಗವರ್ನರ್ ಐಸಾಕ್ ಸ್ಟೀವನ್ಸ್‌ನವು. ಮೂಲನಿವಾಸಿಗಳಿಂದ ನೆಲ ಬಿಡಿಸಿಕೊಂಡ ಒಪ್ಪಂದಗಳಿಗೆ ಸಹಿ ಮಾಡಿಸಿದವನು ಅವನು. ಒಬ್ಬನ ಕೀರ್ತಿ, ಅಪಕೀರ್ತಿ ಇನ್ನೊಬ್ಬನ ತಲೆಗೆ ಕಟ್ಟಬಾರದು.

## ನಮ್ಮ ಚಾಮರಾಜರು, ನಮ್ಮ ನಾಗವರ್ಮರು

ಒಂದೇ ಹೆಸರಿನ ಹಲವರನ್ನು ಬೇರ್ಪಡಿಸಿ ನೋಡುವ ಅಭ್ಯಾಸ ಕನ್ನಡಿಗರಿಗೆ ಹೊಸದಲ್ಲ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ ಮೈಸೂರು ಅರಮನೆಯಲ್ಲೂ ಇತ್ತು. ಖಾಸಾ ಚಾಮರಾಜ ಒಡೆಯರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು; ಅವರ ದತ್ತುಪುತ್ರ ಚಾಮರಾಜೇಂದ್ರ ಒಡೆಯರು; ಅವರ ಮಗ ನಾಲ್ವಡಿ ಕೃಷ್ಣರಾಜ ಒಡೆಯರು. ಚಾಮರಾಜ, ಕೃಷ್ಣರಾಜ, ಮತ್ತೆ ಚಾಮರಾಜ, ಮತ್ತೆ ಕೃಷ್ಣರಾಜ. ಇಮ್ಮಡಿ, ಮುಮ್ಮಡಿ, ನಾಲ್ವಡಿ ಎಂಬ ಎಣಿಕೆ ಇಲ್ಲದಿದ್ದರೆ ಚರಿತ್ರೆಯ ವಿದ್ಯಾರ್ಥಿ ದಿಕ್ಕುಗೆಡುತ್ತಿದ್ದ.

ಆದರೆ ಊರುಗಳ ಹೆಸರಿನಲ್ಲಿ ಈ ಎಣಿಕೆ ಇಲ್ಲ. ಚಾಮರಾಜನಗರದ ಹಳೆಯ ಹೆಸರು ಅರಿಕುಠಾರ. ತಂದೆ ಖಾಸಾ ಚಾಮರಾಜರು ಹುಟ್ಟಿದ ಊರೆಂದು ಮುಮ್ಮಡಿಯವರು 1818ರಲ್ಲಿ ಹೆಸರು ಬದಲಾಯಿಸಿ, ಅಲ್ಲಿ ಚಾಮರಾಜೇಶ್ವರ ದೇವಸ್ಥಾನವನ್ನೂ ಕಟ್ಟಿಸಿದರು. 1892ರಲ್ಲಿ ಹುಟ್ಟಿದ ಬೆಂಗಳೂರಿನ ಚಾಮರಾಜಪೇಟೆ, ಅದೇ ವರ್ಷ ಶುರುವಾದ ಮೈಸೂರಿನ ಮೃಗಾಲಯ ಎರಡೂ ಚಾಮರಾಜೇಂದ್ರ ಒಡೆಯರವು. 1881ರಲ್ಲಿ ಬ್ರಿಟಿಷರಿಂದ ರಾಜ್ಯ ಮರಳಿ ಪಡೆದು, ಪ್ರಜಾಪ್ರತಿನಿಧಿ ಸಭೆ ಆರಂಭವಾದ ಕಾಲದ ದೊರೆ ಅವರು. ಇಬ್ಬರ ಕಾಲಕ್ಕೂ ನಡುವೆ ನೂರು ವರ್ಷದ ಅಂತರ. ಚಾಮರಾಜಪೇಟೆಯ ನಿವಾಸಿಗಳಲ್ಲಿ ಎಷ್ಟು ಜನಕ್ಕೆ ತಮ್ಮ ಚಾಮರಾಜರು ಯಾರೆಂದು ಗೊತ್ತು ಎಂಬ ಪ್ರಶ್ನೆ, ಕಿಂಗ್ ಕೌಂಟಿಯ ಪ್ರಶ್ನೆಗಿಂತ ಭಿನ್ನವಲ್ಲ.

ಸಾಹಿತ್ಯದಲ್ಲಂತೂ ಈ ತೊಡಕು ವಿದ್ವಾಂಸರ ನಿದ್ದೆಗೆಡಿಸಿದೆ. ಛಂದೋಂಬುಧಿ ಬರೆದ ನಾಗವರ್ಮ ಒಬ್ಬ, ಕಾವ್ಯಾವಲೋಕನ, ಕರ್ಣಾಟಕ ಭಾಷಾಭೂಷಣ ಬರೆದ ನಾಗವರ್ಮ ಇನ್ನೊಬ್ಬ ಎಂದು ಬೇರೆ ಮಾಡಿ ನಿಲ್ಲಿಸಲು ಬಹಳ ಚರ್ಚೆ ನಡೆಯಿತು. ಬಾಣನ ಕಾದಂಬರಿಯನ್ನು ಕನ್ನಡಕ್ಕೆ ತಂದ ನಾಗವರ್ಮ ಛಂದೋಂಬುಧಿಯವನೇ ಅಥವಾ ಮೂರನೆಯವನೇ ಎಂದೂ ವಾದಗಳಾದವು. ಪಂಪ ರಾಮಾಯಣದ ಕಥೆ ಇನ್ನೂ ಸ್ವಾರಸ್ಯದ್ದು. ಅದು 941ರಲ್ಲಿ ಆದಿಪುರಾಣ ಮುಗಿಸಿದ ಆದಿಕವಿಯ ಕೃತಿಯಲ್ಲ. ತನ್ನನ್ನು ಅಭಿನವ ಪಂಪನೆಂದು ಕರೆದುಕೊಂಡ ನಾಗಚಂದ್ರನದು. ಪೂರ್ವಕವಿಯ ಹೆಸರನ್ನು ಬಿರುದಾಗಿ ಹೊತ್ತದ್ದು ಭಕ್ತಿಯಿಂದ. ಆ ಭಕ್ತಿ ಎಷ್ಟು ಗಟ್ಟಿಯಾಗಿತ್ತೆಂದರೆ ಅವನ ರಾಮಚಂದ್ರಚರಿತ ಪುರಾಣ ಜನರ ಬಾಯಲ್ಲಿ ಪಂಪನ ಹೆಸರಲ್ಲೇ ಉಳಿದುಬಿಟ್ಟಿತು.

## ಅಯೋವಾದಲ್ಲಿ ಒಂದು ದಾರಿ, ಸೇನೆಯಲ್ಲಿ ಇನ್ನೊಂದು

ಕಿಂಗ್ ಕೌಂಟಿ ತೋರಿಸಿದ ದಾರಿಯನ್ನು ಮೂರೂವರೆ ದಶಕದ ನಂತರ ಅಯೋವಾ ರಾಜ್ಯದ ಜಾನ್ಸನ್ ಕೌಂಟಿ ಹಿಡಿಯಿತು. ಅದರ ಮೂಲಪುರುಷನೂ ಒಬ್ಬ ಉಪಾಧ್ಯಕ್ಷ, ಗುಲಾಮರ ಒಡೆಯ: ಕೆಂಟಕಿಯ ರಿಚರ್ಡ್ ಮೆಂಟರ್ ಜಾನ್ಸನ್. 2021ರ ಜೂನ್‌ನಲ್ಲಿ ಕೌಂಟಿಯ ಆಡಳಿತ ಅವನ ಜಾಗದಲ್ಲಿ ಲುಲು ಮರ್ಲ್ ಜಾನ್ಸನ್ ಅವರನ್ನು ಕೂರಿಸಿತು. 1941ರಲ್ಲಿ ಅಯೋವಾ ವಿಶ್ವವಿದ್ಯಾಲಯದಿಂದ ಇತಿಹಾಸದಲ್ಲಿ ಪಿಎಚ್‌.ಡಿ. ಪಡೆದ ಕಪ್ಪು ಮಹಿಳೆ ಅವರು. ಆ ರಾಜ್ಯದಲ್ಲಿ ಆ ಪದವಿ ಪಡೆದ ಮೊದಲ ಕಪ್ಪು ಮಹಿಳೆಯೂ ಹೌದು. ಆ ವಿಶ್ವವಿದ್ಯಾಲಯ ಇರುವುದೂ ಜಾನ್ಸನ್ ಕೌಂಟಿಯಲ್ಲೇ.

ಇದೇ ಉಪಾಯವನ್ನು ತಿರುಗುಮುರುಗಾಗಿಯೂ ಬಳಸಬಹುದು ಎಂಬುದು 2025ರಲ್ಲಿ ಗೊತ್ತಾಯಿತು. ನಾರ್ತ್ ಕ್ಯಾರೊಲಿನಾದ ಬೃಹತ್ ಸೇನಾನೆಲೆ ಫೋರ್ಟ್ ಬ್ರ್ಯಾಗ್‌ಗೆ, ಗುಲಾಮಗಿರಿಯ ಪಕ್ಷ ವಹಿಸಿ ಒಕ್ಕೂಟದ ವಿರುದ್ಧ ಯುದ್ಧ ಮಾಡಿದ ಸೇನಾಪತಿ ಬ್ರ್ಯಾಕ್ಸ್‌ಟನ್ ಬ್ರ್ಯಾಗ್‌ನ ಹೆಸರಿತ್ತು. ಅಂಥವರ ಹೆಸರು ಸೇನಾನೆಲೆಗಳಿಗೆ ಇರಬಾರದೆಂದು ಕಾಂಗ್ರೆಸ್ ಕಾನೂನು ಮಾಡಿದ ಮೇಲೆ 2023ರಲ್ಲಿ ಅದು ಫೋರ್ಟ್ ಲಿಬರ್ಟಿ ಆಯಿತು. 2025ರ ಫೆಬ್ರವರಿಯಲ್ಲಿ ಮತ್ತೆ ಫೋರ್ಟ್ ಬ್ರ್ಯಾಗ್ ಎಂಬ ಫಲಕವೇ ಬಂತು. ಈ ಬಾರಿ ಎರಡನೆಯ ಮಹಾಯುದ್ಧದಲ್ಲಿ ಹೋರಾಡಿ ಸಿಲ್ವರ್ ಸ್ಟಾರ್ ಪದಕ ಪಡೆದ ರೋಲಂಡ್ ಬ್ರ್ಯಾಗ್ ಎಂಬ ಸಾಮಾನ್ಯ ಸೈನಿಕನ ಹೆಸರೆಂದು ಸರ್ಕಾರ ಹೇಳಿತು. ಮಾರ್ಚ್‌ನಲ್ಲಿ ಜಾರ್ಜಿಯಾದ ಫೋರ್ಟ್ ಬೆನ್ನಿಂಗ್ ಕೂಡ ಅದೇ ದಾರಿಯಲ್ಲಿ ಮರಳಿತು. ಬ್ರ್ಯಾಕ್ಸ್‌ಟನ್ ಬ್ರ್ಯಾಗ್‌ನ ಪಾಳಯದವನೇ ಆದ ಹಳೆಯ ಹೆನ್ರಿ ಬೆನ್ನಿಂಗ್ ಬದಲು ಮೊದಲ ಮಹಾಯುದ್ಧದ ಯೋಧ ಫ್ರೆಡ್ ಬೆನ್ನಿಂಗ್.

ರೋಲಂಡ್ ಬ್ರ್ಯಾಗ್, ಫ್ರೆಡ್ ಬೆನ್ನಿಂಗ್ ಇಬ್ಬರೂ ಗೌರವಕ್ಕೆ ಅರ್ಹರು. ಅದರಲ್ಲಿ ಎರಡು ಮಾತಿಲ್ಲ. ಆದರೆ ಕಿಂಗ್ ಕೌಂಟಿಯಲ್ಲಿ ಹಳೆಯ ಮನುಷ್ಯನನ್ನು ಇಳಿಸಬೇಕೆಂದು ಹೆಸರು ಉಳಿಸಿಕೊಂಡರು. ಇಲ್ಲಿ ಹಳೆಯ ಹೆಸರನ್ನು ಉಳಿಸಬೇಕೆಂದು ಹೊಸ ಮನುಷ್ಯನನ್ನು ಹುಡುಕಿದರು. ಹೊಸಬರ ಹೆಸರನ್ನು ಯಾಕೆ ಆರಿಸಿದರೆಂದು ನೋಡಬೇಕಾದರೆ ಕಾಲಕ್ರಮವನ್ನೇ ನೋಡಬೇಕು. ಕಿಂಗ್ ಕೌಂಟಿಯ ನಿರ್ಣಯಕ್ಕೆ ಮೊದಲು ಮಾರ್ಟಿನ್ ಲೂಥರ್ ಕಿಂಗ್ ಅವರ ಬದುಕು, ಸಿಯಾಟಲ್‌ನ ಭಾಷಣ, ಬಡಾವಣೆಗಳ ಹೋರಾಟ ಎಲ್ಲ ನಡೆದುಹೋಗಿತ್ತು. ಊರಿಗೆ ಗೊತ್ತಿದ್ದವರನ್ನೇ ಊರು ಆರಿಸಿಕೊಂಡಿತು. ರೋಲಂಡ್ ಬ್ರ್ಯಾಗ್ ಹೆಸರು ದೇಶಕ್ಕೆ ಪರಿಚಯವಾದದ್ದು ಫಲಕ ಮತ್ತೆ ಏರಿದ ದಿನ.